ಹದಿನೈದು ತುಂಬಿದ ಕಾರು: ತಲಪಾಡಿಯ ಈಚೆ ಬದಿಯ ಲೆಕ್ಕ

ತಲಪಾಡಿ ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಯಾವ ವರ್ಕ್‌ಶಾಪಿನ ಮುಂದೆ ನಿಂತರೂ ಪ್ರಶ್ನೆ ಒಂದೇ: "ಆರ್‌ಸಿಗೆ ಹದಿನೈದು ಆಯಿತು, ಇನ್ನು ಗುಜರಿಗೆ ಹಾಕಲೇಬೇಕಾ?" ಬೇಡ. ಹತ್ತು ವರ್ಷ ದಾಟಿದ ಡೀಸೆಲ್ ಕಾರು, ಹದಿನೈದು ದಾಟಿದ ಪೆಟ್ರೋಲ್ ಕಾರು ಓಡಿಸಬಾರದು ಎಂಬ ಮಾತು ದಿಲ್ಲಿಯದು. ಅಲ್ಲಿನ ಹೊಗೆಗಾಗಿ ಹಸಿರು ನ್ಯಾಯಮಂಡಳಿಯೂ ಸುಪ್ರೀಂ ಕೋರ್ಟೂ ಕೊಟ್ಟ ಆದೇಶಗಳಿಂದ ಹುಟ್ಟಿದ್ದು. ಅದು ವಾಟ್ಸ್ಆ್ಯಪಿನಲ್ಲಿ ಕಾಸರಗೋಡಿಗೆ ಬಂದಿದೆಯೇ ಹೊರತು ಕಾನೂನಾಗಿ ಬಂದಿಲ್ಲ. 2021ರ ಆಗಸ್ಟ್ 13ರಂದು ಕೇಂದ್ರ ಸರಕಾರ ಚಾಲನೆ ಕೊಟ್ಟ ಗುಜರಿ ನೀತಿಯ ಹೆಸರಿನಲ್ಲೇ 'ಸ್ವಯಂಪ್ರೇರಿತ' ಎಂಬ ಪದ ಇದೆ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷ ಮುಂದಕ್ಕೆ ಹೋಗುತ್ತದೆ. ಫೇಲಾಗಿ ಸರಿಪಡಿಸಲಿಕ್ಕೂ ಆಗದಿದ್ದರೆ ಮಾತ್ರ ಅದರ ಆಯುಸ್ಸು ಮುಗಿದಂತೆ. ವಯಸ್ಸೊಂದನ್ನೇ ನೋಡಿ ಬಾಗಿಲು ಮುಚ್ಚಿದ್ದು ಸರಕಾರಿ ವಾಹನಗಳಿಗೆ. 2023ರ ಏಪ್ರಿಲ್ 1ರಿಂದ ಅವುಗಳಿಗೆ 15 ದಾಟಿದ ಮೇಲೆ ನವೀಕರಣ ಇಲ್ಲ.

ನಮ್ಮನ್ನು ಯಾರೂ ಬಲವಂತ ಮಾಡುವುದಿಲ್ಲ, ಶುಲ್ಕ ಏರಿಸುತ್ತಾರೆ ಅಷ್ಟೆ. ಕಾರಿನ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನ ತಿದ್ದುಪಡಿಯಲ್ಲಿ 20 ವರ್ಷ ದಾಟಿದ ಕಾರಿಗೆ 10,000. ಅದರ ಮೇಲೆ ಕೇರಳದ ತೆರಿಗೆ. 15 ವರ್ಷ ದಾಟಿದ ಸ್ವಂತ ವಾಹನಗಳ ಐದು ವರ್ಷದ ತೆರಿಗೆಯನ್ನು 2025ರ ಬಜೆಟಿನಲ್ಲಿ ಅರ್ಧದಷ್ಟು ಏರಿಸಿದರು. 750 ಕಿಲೋ ಒಳಗಿನ ಕಾರಿಗೆ 6,400 ಇದ್ದದ್ದು 9,600, 750ರಿಂದ 1,500 ಕಿಲೋ ತನಕ 8,600 ಇದ್ದದ್ದು 12,900. ಆದ್ದರಿಂದ ಮೊದಲು ನೋಡಬೇಕಾದದ್ದು ಆರ್‌ಸಿಯಲ್ಲಿರುವ ಖಾಲಿ ತೂಕ. ಮಾರುತಿ 800 ಸುಮಾರು 650 ಕಿಲೋ, ಹಾಗಾಗಿ ಕೆಳಗಿನ ಹಂತ. ಓಮ್ನಿ 750 ದಾಟುತ್ತದೆ. ಹಸಿರು ತೆರಿಗೆ ಬೇರೆ.

ಇಪ್ಪತ್ತು ದಾಟಿದ 800ಕ್ಕೆ ಲೆಕ್ಕ ಹಾಕಿ: ಶುಲ್ಕ 10,000, ತೆರಿಗೆ 9,600, ಹಸಿರು ತೆರಿಗೆ ಬಿಟ್ಟೇ ಒಟ್ಟು 19,600. ಇನ್ನೂ ಒಂದು ಬೋಲ್ಟು ಬಿಚ್ಚಿಲ್ಲ. ಅದೇ ಕಾರನ್ನು ಗುಜರಿಗೆ ಕಿಲೋಗೆ 30 ರೂಪಾಯಿಯಂತೆ ತೂಗಿದರು ಎಂದಿಟ್ಟುಕೊಂಡರೆ ಕೈಗೆ ಬರುವುದು 19,500. ನೀತಿ ಮಾಡಿದವರು ಈ ಕೂಡಿಸು ಕಳೆ ಹಾಕಿದ್ದರೋ ಇಲ್ಲವೋ, ಮನೆಯವರು ಹಾಕಲೇಬೇಕು.

ತಡಮಾಡಿದರೆ ಇನ್ನೂ ಕಷ್ಟ. ನವೀಕರಣದ ಅರ್ಜಿ, ಅಂದರೆ ಫಾರ್ಮ್ 25, ಅವಧಿ ಮುಗಿಯುವ 60 ದಿನ ಮೊದಲಿನಿಂದ ಹಾಕಬಹುದು. ಮುಗಿದ ಮೇಲೆ ಕಾರಿಗೆ ತಿಂಗಳಿಗೆ 500, ಬೈಕಿಗೆ 300 ಹೆಚ್ಚುವರಿ. ಅಡಕೆ ಕೊಟ್ಟಿಗೆಯ ಮೂಲೆಯಲ್ಲಿ ಮೂರು ವರ್ಷ ಮಲಗಿದ ಕಾರಿಗೆ ಬರೇ ತಡದ ಬಾಬ್ತು 18,000. ಓಡಿಸುವುದಿಲ್ಲವಲ್ಲ ಎಂದು ಸುಮ್ಮನಿರುವವರೇ ಇದರಲ್ಲಿ ಹೆಚ್ಚು ಸಿಕ್ಕಿಬೀಳುವುದು.

ಹಣಕ್ಕಿಂತ ಮೊದಲು ಕಾರಿನ ಅಡಿ ನೋಡಿ. ನಮ್ಮ ಕಡೆ ಕಾರನ್ನು ಕೊಲ್ಲುವುದು ಕಿಲೋಮೀಟರ್ ಅಲ್ಲ, ತುಕ್ಕು. ಕಡಲ ಗಾಳಿ, ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ನಿಲ್ಲದ ಮಳೆ, ಜತೆಗೆ ನಾವೇ ಹೇರುವ ಗೊಬ್ಬರ. ಓಮ್ನಿಯ ಹಿಂದಿನ ಸೀಟು ತೆಗೆದು ಪೊಟ್ಯಾಶ್ ಚೀಲ ಹಾಕಿಕೊಂಡು ತೋಟಕ್ಕೆ ಹೋಗುವುದು ಇಲ್ಲಿ ಸಾಮಾನ್ಯ. ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಜಾತಿಯದೇ. ಚೀಲದ ಹೊಲಿಗೆಯಿಂದ ಉದುರಿದ ಪುಡಿ ಮ್ಯಾಟಿನ ಅಡಿ ಸೇರಿ, ತೇವ ಎಳೆದುಕೊಂಡು ತಗಡನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನಿಂದ ಪೈಂಟ್ ಫಸ್ಟ್ ಕ್ಲಾಸ್ ಕಾಣುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಮುರಿಯುತ್ತದೆ.

ಪರೀಕ್ಷೆಗೆ ಬೇಕಾದದ್ದು ಒಂದು ಟಾರ್ಚು, ಒಂದು ದಪ್ಪ ಸ್ಕ್ರೂಡ್ರೈವರ್. ಮ್ಯಾಟು, ಕಾರ್ಪೆಟ್ ಪೂರ್ತಿ ಎಬ್ಬಿಸಿ. ಡ್ರೈವರ್ ಕಾಲಿಡುವ ಜಾಗ, ಜ್ಯಾಕ್ ಕೊಡುವ ಜಾಗ, ಬಾಗಿಲ ಕೆಳಗಿನ ಉದ್ದ ಪಟ್ಟಿ, ಬಾನೆಟ್ ಒಳಗೆ ಮುಂದಿನ ಶಾಕ್ ಅಬ್ಸಾರ್ಬರಿನ ತಲೆ ಕೂರುವ ಗೋಪುರ, ಹಿಂದಿನ ಆಕ್ಸಲ್ ಹಿಡಿದಿರುವ ಬ್ರಾಕೆಟ್‌ಗಳು ಇವಿಷ್ಟನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ. ಪುಟ್ಟಿ ತುಂಬಿದ್ದು, ಕೊಳೆತದ್ದು ಮಂಕಾಗಿ ಧಬ್ ಎನ್ನುತ್ತದೆ. ಮೊನೆಯಿಂದ ಒತ್ತಿದಾಗ ಬಾಗಿಲಲ್ಲೋ ಫೆಂಡರಿನಲ್ಲೋ ತೂತಾದರೆ ಚಿಂತೆಯಿಲ್ಲ, ಅದು ಬರೇ ಹೊದಿಕೆ. ಗೋಪುರದಲ್ಲಿ ಅಥವಾ ಆಕ್ಸಲ್ ಬ್ರಾಕೆಟ್ಟಿನ ಬುಡದಲ್ಲಿ ತೂತಾದರೆ ಆ ಕಾರಿಗೆ ಮತ್ತೆ ದುಡ್ಡು ಹಾಕಬೇಡಿ ಎಂಬುದು ನಮ್ಮ ಅಭಿಪ್ರಾಯ. ನೆಲದ ತಗಡು ಮಾತ್ರ ಹೋಗಿದ್ದರೆ ಹೊಳೆಯುವ ಕಬ್ಬಿಣ ಸಿಗುವ ತನಕ ಕತ್ತರಿಸಿ, ಹೊಸ ತಗಡು ವೆಲ್ಡ್ ಮಾಡಿಸಿ, ಎರಡೂ ಬದಿಗೆ ಜಿಂಕ್ ಪ್ರೈಮರ್ ಬಳಿಸಿ, ಆಮೇಲೆ ಅಂಡರ್‌ಕೋಟಿಂಗ್. ಕೆಲವರು ತುಕ್ಕಿನ ಮೇಲೆಯೇ ಕರಿ ಕೋಟಿಂಗ್ ಹೊಡೆಸುತ್ತಾರೆ. ನೀರು ಅದರ ಒಳಗೆ ಕೂತು, ಮುಂದಿನ ಆಟಿ ತಿಂಗಳ ಮಳೆಯೊಳಗೆ ಎರಡರಷ್ಟು ತಿಂದಿರುತ್ತದೆ. ಬಾಗಿಲ ಅಡಿಯಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆಯಲ್ಲ, ಅವುಗಳಲ್ಲಿ ಸೇರಿದ ಕಸವನ್ನು ಒಂದು ಹಿಡಿಕಡ್ಡಿಯಿಂದ ತೆಗೆದರೆ ಅರ್ಧ ರೋಗ ಕಡಿಮೆ.

ಬ್ರೇಕಿನ ಉಕ್ಕಿನ ಪೈಪುಗಳನ್ನೂ ಬೆರಳಾಡಿಸಿ ನೋಡಿ. ಕ್ಲಿಪ್ಪಿನ ಅಡಿಯಲ್ಲಿ ತುಕ್ಕು ಉಬ್ಬಿದ್ದರೆ ಇಡೀ ಪೈಪ್ ಬದಲಿಸಿ, ಜೋಡಣೆ ಬೇಡ. ನಿಧಾನ ಒತ್ತಿದಾಗ ಸರಿಯಿದ್ದ ಪೈಪು ಗಾಬರಿಯಲ್ಲಿ ಒತ್ತಿ ತುಳಿದಾಗಲೇ ಒಡೆಯುವುದು. ತಲಪಾಡಿಯಿಂದ ಚೆಂಗಳದವರೆಗೆ ಆರು ಪಥ ಆದ ಮೇಲೆ ಹಳೆ 800 ಕೂಡ ಎಂಬತ್ತರಲ್ಲಿ ಓಡುತ್ತಿದೆ. ಆ ಕಾರುಗಳ ಕಾಲದಲ್ಲಿ ಡಿಕ್ಕಿ ಪರೀಕ್ಷೆ ಕಡ್ಡಾಯವೇ ಇರಲಿಲ್ಲ. ಅದು ಬಂದದ್ದು ಹೊಸ ಮಾದರಿಗಳಿಗೆ 2017ರ ಅಕ್ಟೋಬರಿನಿಂದ, ಉಳಿದವಕ್ಕೆ 2019ರ ಅಕ್ಟೋಬರಿನಿಂದ. ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾದದ್ದೂ 2019ರ ಜುಲೈಯಲ್ಲಿ. 2014ರಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದ ಐದು ಭಾರತೀಯ ಸಣ್ಣ ಕಾರುಗಳಿಗೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅವು ಹೊಸ ಕಾರುಗಳು, ತುಕ್ಕು ಹಿಡಿದವಲ್ಲ. ಸ್ವಂತ ಕಾರು ಮೊದಲ ಹದಿನೈದು ವರ್ಷದಲ್ಲಿ ಹೊಗೆ ಪರೀಕ್ಷೆ ಬಿಟ್ಟರೆ ಯಾವ ತಪಾಸಣೆಗೂ ಹೋಗುವುದಿಲ್ಲ. ನೀತಿಯ ದೊಡ್ಡ ದೋಷ ಇದೇ: ಶುಲ್ಕ ವಯಸ್ಸನ್ನು ಅಳೆಯುತ್ತದೆ, ತುಕ್ಕನ್ನಲ್ಲ.

ತಪಾಸಣೆಯಲ್ಲಿ ಕಾರುಗಳು ವಾಪಸಾಗುವುದು ಎಂಜಿನ್ ಕೆಟ್ಟು ಅಲ್ಲ. ಚಾಸಿಸ್ ನಂಬರ್ ತುಕ್ಕಿನಲ್ಲಿ ಅಥವಾ ಪೈಂಟಿನಲ್ಲಿ ಮುಚ್ಚಿಹೋಗಿರುತ್ತದೆ. ಸೀಮೆಎಣ್ಣೆ, ಮೆತ್ತಗಿನ ಬ್ರಶ್ ಹಾಕಿ ಬಿಡಿಸಿ, ಗ್ರೈಂಡರ್ ಮುಟ್ಟಿಸಲೇಬೇಡಿ, ಅಕ್ಷರ ಅಳಿಸಿದರೆ ಅನುಮಾನ ಬರುತ್ತದೆ. ಬಿಳಿ ಕಾರಿಗೆ ಕೆಂಪು ಬಳಿದು ಆರ್‌ಸಿಯಲ್ಲಿ ಬದಲಿಸಿರುವುದಿಲ್ಲ. ಗ್ಯಾಸ್ ಕಿಟ್ ಹಾಕಿಸಿ ನಮೂದಿಸಿರುವುದಿಲ್ಲ. ಟೈರಿನ ಗೆರೆ 1.6 ಮಿ.ಮೀ.ಗಿಂತ ಕಡಿಮೆ ಇರುತ್ತದೆ. ಬಿಎಸ್-2, ಬಿಎಸ್-3 ಎಂಬ ಹಳೆಯ ಹೊಗೆ ಮಾನದಂಡದ ಪೆಟ್ರೋಲ್ ಕಾರಿಗೆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮಿತಿ ನೂರಕ್ಕೆ 0.5. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಹೊಗೆ ಈ ಮಿತಿಯನ್ನು ಸುಲಭವಾಗಿ ಮೀರುತ್ತದೆ, ಆದ್ದರಿಂದ ಫಿಲ್ಟರ್, ಪ್ಲಗ್ ಬದಲಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಪರೀಕ್ಷೆಗೆ ಕೊಡಿ.

ಗಡಿಯವರಿಗೆ ಇನ್ನೊಂದು ಗಂಟು. ಕೆಎ-19 ನಂಬರಿನ ಕಾರು ಉಪ್ಪಳದಲ್ಲೋ ಬದಿಯಡ್ಕದಲ್ಲೋ 12 ತಿಂಗಳಿಗಿಂತ ಹೆಚ್ಚು ಇದ್ದರೆ ಇಲ್ಲಿಯ ನಂಬರ್ ಪಡೆಯಬೇಕು, ಅದಕ್ಕೆ ಮಂಗಳೂರಿನಿಂದ ಫಾರ್ಮ್ 28ರಲ್ಲಿ ನಿರಾಕ್ಷೇಪಣಾ ಪತ್ರ ತರಬೇಕು. ಹದಿನೈದು ತುಂಬುವ ಹೊತ್ತಿಗೆ ಇದನ್ನು ಶುರುಮಾಡಿದರೆ ಎರಡೂ ರಾಜ್ಯದ ಕಾಗದ ಒಟ್ಟಿಗೆ ತಲೆಗೆ ಬೀಳುತ್ತದೆ.

ಕೊಡುವುದೆಂದೇ ಆದರೆ ಊರ ಗುಜರಿಯವನಿಗೆ ಕೊಡಬೇಡಿ. ಅವನು ಎರಡು ಸಾವಿರ ಜಾಸ್ತಿ ಕೊಡಬಹುದು. ಆದರೆ ಆರ್‌ಸಿ ನಿಮ್ಮ ಹೆಸರಲ್ಲೇ ಜೀವಂತ ಇರುತ್ತದೆ, ನಂಬರೂ ಚಾಸಿಸ್ ತುಂಡೂ ಬೇರೆ ಗಾಡಿಗೆ ಹೋದರೆ ಪೊಲೀಸರು ಹುಡುಕಿಕೊಂಡು ಬರುವುದು ನಿಮ್ಮನ್ನು. ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಗಳ ಪಟ್ಟಿ ಸರಕಾರದ ಪರಿವಾಹನ್ ಜಾಲತಾಣದಲ್ಲಿದೆ. ಕೆಎಲ್-14ರ ಕಾರನ್ನು ಕೇರಳದ ಕೇಂದ್ರಕ್ಕೇ ಕೊಡಬೇಕೆಂದಿಲ್ಲ, ಯಾವ ರಾಜ್ಯದ್ದಾದರೂ ಆಗುತ್ತದೆ. ಅರ್ಜಿ ಆನ್‌ಲೈನಿನಲ್ಲೇ. ಅದಕ್ಕೆ ಮೊದಲು ಬಾಕಿ ಚಲನ್ ಕಟ್ಟಿ, ಸಾಲದ ನಮೂದು ಅಳಿಸಿ. ಸಾಲ ತೀರಿ ಹತ್ತು ವರ್ಷವಾದರೂ ಬ್ಯಾಂಕಿನ ಹೆಸರು ಆರ್‌ಸಿಯಲ್ಲಿ ಹಾಗೆಯೇ ಕೂತಿರುವುದೇ ಹೆಚ್ಚು. ಫಾರ್ಮ್ 35, ಬ್ಯಾಂಕಿನ ಪತ್ರ ಬೇಕು. ಆರ್‌ಸಿ ತೀರಿಹೋದ ಅಪ್ಪನ ಹೆಸರಲ್ಲಿದ್ದರೆ ವಾರಸುದಾರರ ಕಾಗದ ಮೊದಲು ಮಾಡಿಸಿಕೊಳ್ಳಿ, ತಿಂಗಳುಗಟ್ಟಲೆ ಹೋಗುವುದು ಅಲ್ಲಿಯೇ. ದರ ಮಾತಾಡುವಾಗ ಪೂರ್ತಿ ತೂಕಕ್ಕೋ, ಸೀಟು, ಗಾಜು, ಟೈರು ಕಳೆದೋ ಎಂದು ಕೇಳಿ. ಸಾಗಾಟ ಯಾರದ್ದೆಂದೂ ಕೇಳಿ.

ಕೇಂದ್ರದಲ್ಲಿ ಮೊದಲು ಕಳವಿನ ಪಟ್ಟಿಯಲ್ಲಿ ಇದೆಯೇ ಎಂದು ನೋಡುತ್ತಾರೆ. ಆಮೇಲೆ ಪೆಟ್ರೋಲ್, ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಎಸಿ ಗ್ಯಾಸ್ ಇಳಿಸಿ, ಬ್ಯಾಟರಿ ಬೇರೆ ತೆಗೆದು, ಕಡೆಗೆ ಕತ್ತರಿಸುವುದು. ಚಾಸಿಸ್ ನಂಬರಿನ ತುಂಡನ್ನು ಆರು ತಿಂಗಳು ತೆಗೆದಿಡಬೇಕೆಂಬ ನಿಯಮವಿದೆ. ಕಾರು ಒಪ್ಪಿಸಿದ ಕೂಡಲೇ ನಿಮಗೆ ಠೇವಣಿ (ಡೆಪಾಸಿಟ್) ಪ್ರಮಾಣಪತ್ರ, ಕತ್ತರಿಸಿದ ಮೇಲೆ ಇನ್ನೊಂದು ಪ್ರಮಾಣಪತ್ರ ಸಿಗಬೇಕು. ಮೊದಲನೆಯದು ಹಣಕ್ಕೆ ಸಮ. ಹೊಸ ಕಾರಿಗೆ ನೋಂದಣಿ ಶುಲ್ಕ ಮಾಫಿ, ರಾಜ್ಯ ಒಪ್ಪಿದಷ್ಟು ರಸ್ತೆ ತೆರಿಗೆ ರಿಯಾಯಿತಿ. ಸ್ವಂತ ಕಾರಿಗೆ ಇದರ ಗರಿಷ್ಠ ಮಿತಿ ನೂರಕ್ಕೆ 25. ಬುಕ್ ಮಾಡುವ ಮೊದಲೇ ಶೋರೂಮಿನವರ ಬಾಯಿಂದ ಎಷ್ಟೆಂದು ಕೇಳಿ, ಕೊಟೇಶನ್ನಿನಲ್ಲಿ ಬರೆಸಿ.

ಕಾರು ಲಾರಿ ಹತ್ತುವ ಮೊದಲು ಫಾಸ್ಟ್ಯಾಗ್ ಕಿತ್ತು ಖಾತೆ ಮುಚ್ಚಿಸಿ, ವಿಮೆ ಕಂಪೆನಿಗೆ ತಿಳಿಸಿ. ವಾರ ಕಳೆದು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಡಿ. ಇನ್ನೂ 'ಆ್ಯಕ್ಟಿವ್' ಎಂದೇ ತೋರಿಸುತ್ತಿದ್ದರೆ ಠೇವಣಿ ಪತ್ರದ ಪ್ರತಿ ಹಿಡಿದು ಕಾಸರಗೋಡು ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಡಿ, ಸ್ವೀಕೃತಿಗೆ ಸೀಲು ಹಾಕಿಸಿಕೊಂಡೇ ಹೊರಡಿ.