ಬಿಸಿ ಪೈಪು, ಬ್ಲೋವರ್ ಮತ್ತು ನಮ್ಮ ಮೇಷ್ಟ್ರು

ಎಂಜಿನಿಯರಿಂಗ್ ಓದುವಾಗ ಹೀಟ್ ಟ್ರಾನ್ಸ್‌ಫರ್, ಅಂದರೆ ಶಾಖ ಒಂದು ಕಡೆಯಿಂದ ಇನ್ನೊಂದು ಕಡೆ ಹೇಗೆ ದಾಟುತ್ತದೆ ಎಂಬ ವಿಷಯ, ಅಂದ್ರೆ ಫಾರ್ಮುಲಾಗಳ ರಾಶಿ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಡೇಟಾ ಹ್ಯಾಂಡ್‌ಬುಕ್ ತೆರೆ, ಸೂತ್ರ ಹುಡುಕು, ಉತ್ತರ ಬರೆ, ಅಷ್ಟೇ. ನಮ್ಮ ಮೇಷ್ಟ್ರು ಆ ಪುಸ್ತಕ ಮುಚ್ಚಿಸಿ ಲ್ಯಾಬಿಗೆ ಕರೆದುಕೊಂಡು ಹೋದರು. ಇವತ್ತು ನಾನು ಹೀಟ್ ಎಕ್ಸ್‌ಚೇಂಜರ್ (ಒಂದು ದ್ರವ ಅಥವಾ ಗಾಳಿಯ ಶಾಖವನ್ನು ಇನ್ನೊಂದಕ್ಕೆ ದಾಟಿಸುವ ಉಪಕರಣ) ಡಿಸೈನ್ ಮಾಡಿಕೊಂಡು ಬದುಕುತ್ತಿದ್ದೇನೆ ಎಂದರೆ ಅದಕ್ಕೆ ಆ ಲ್ಯಾಬೇ ಕಾರಣ.

ಫೋರ್ಸ್ಡ್ ಕನ್ವೆಕ್ಷನ್ ಸೆಟ್, ಅಂದರೆ ಬಿಸಿ ಪೈಪಿನೊಳಗೆ ಗಾಳಿ ನೂಕಿ ಶಾಖ ಎಷ್ಟು ದಾಟಿತು ಅಂತ ಅಳೆಯುವ ಸೆಟ್, ಕಿಟಕಿ ಪಕ್ಕ ಇತ್ತು. ಬ್ಲೋವರ್, ಅದರ ಮುಂದೆ ಗಾಳಿಯ ಹರಿವು ಅಳೆಯುವ ಆರಿಫಿಸ್ ಮೀಟರು, ಆಮೇಲೆ ಹೀಟರ್ ಸುತ್ತಿದ ಪೈಪು, ಅದರ ಮೇಲೆ ದಪ್ಪ ಇನ್ಸುಲೇಷನ್. ಪೈಪಿನ ಗೋಡೆಯ ಉದ್ದಕ್ಕೂ ಉಷ್ಣತೆ ಅಳೆಯುವ ಥರ್ಮೋಕಪಲ್‌ಗಳು. ಡಿಮ್ಮರ್‌ಸ್ಟ್ಯಾಟ್ (ವೋಲ್ಟೇಜ್ ಏರಿಸಿ ಇಳಿಸುವ ಗುಂಡಿ) ತಿರುಗಿಸಿ ಹೀಟರಿಗೆ ಕರೆಂಟ್ ಕೊಟ್ಟ ಮೇಲೆ ಕಾಯಬೇಕು. ರೀಡಿಂಗ್ ಏರುತ್ತಲೇ ಇರುತ್ತದೆ. ಬೇಗ ಬರೆದುಕೊಂಡು ಹೋಗೋಣ ಅಂದರೆ ಮೇಷ್ಟ್ರು ಬಿಡುತ್ತಿರಲಿಲ್ಲ. "ಪೈಪು ಇನ್ನೂ ತಾನೇ ಬಿಸಿ ಕುಡೀತಾ ಇದೆ. ಅದರ ಹೊಟ್ಟೆ ತುಂಬಲಿ, ಆಮೇಲೆ ಗಾಳಿಗೆ ಎಷ್ಟು ಹೋಯ್ತು ಅಂತ ಕೇಳೋಣ" ಅನ್ನುತ್ತಿದ್ದರು.

ಅವರು ಕೇಳಿದ ಒಂದು ಪ್ರಶ್ನೆ ಈಗಲೂ ನನ್ನ ಕೆಲಸದಲ್ಲಿ ದಿನಾ ಎದುರಾಗುತ್ತದೆ. ಗೋಡೆಯಿಂದ ಗಾಳಿಗೆ ಶಾಖ ದಾಟುವುದನ್ನು ಎರಡು ಪಟ್ಟು ಮಾಡಬೇಕು, ಏನು ಮಾಡ್ತೀರಿ? ಗಾಳಿಯ ವೇಗ ಎರಡು ಪಟ್ಟು ಮಾಡ್ತೀವಿ ಸಾರ್ ಅಂದೆವು. ಮಾಡಿ ನೋಡಿ ಅಂದರು. ಲೆಕ್ಕ ಹಾಕಿದರೆ ಸಿಗುವುದು ಸುಮಾರು 1.74 ಪಟ್ಟು ಮಾತ್ರ. ಡಿಟ್ಟಸ್ ಮತ್ತು ಬೋಲ್ಟರ್ ಎಂಬ ಇಬ್ಬರು 1930ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಕಟಿಸಿದ ಕೆಲಸದ ಹೆಸರಲ್ಲಿ ನಾವು ಬಳಸುವ ಸೂತ್ರ ಇದೆಯಲ್ಲ, ಅದರಲ್ಲಿ ರೆನಾಲ್ಡ್ಸ್ ಸಂಖ್ಯೆಯ (ಹರಿವು ನೇರವಾಗಿದೆಯೋ ಕಲಕುತ್ತಿದೆಯೋ ಅಂತ ಹೇಳುವ, ವೇಗದ ಜೊತೆಗೇ ಏರುವ ಸಂಖ್ಯೆ) ಘಾತ 0.8. ಅಂದರೆ ವೇಗ ಎರಡು ಪಟ್ಟಾದರೆ ಶಾಖ 2ರ 0.8ನೇ ಘಾತದಷ್ಟೇ ಏರುತ್ತದೆ. ಪೂರ್ತಿ ಎರಡು ಪಟ್ಟು ಬೇಕೆಂದರೆ ವೇಗ 2.4 ಪಟ್ಟಿನ ಹತ್ತಿರ ಹೋಗಬೇಕು. ಆಗ ಗಾಳಿಯನ್ನು ನೂಕಲು ಬೇಕಾದ ಪವರ್ ಸುಮಾರು 11 ಪಟ್ಟು! "ಕರೆಂಟ್ ಬಿಲ್ ಯಾರಪ್ಪಾ ಕಟ್ಟೋದು?" ಅಂತ ಮೇಷ್ಟ್ರು ಕೇಳಿದಾಗ ಯಾರಿಗೂ ಉತ್ತರ ಇರಲಿಲ್ಲ.

ಇದಕ್ಕೆಲ್ಲ ಕಾರಣ ಗೋಡೆಗೆ ಅಂಟಿಕೊಂಡ ತೆಳು ಪದರ. ನಡುವಿನ ಗಾಳಿ ಎಷ್ಟೇ ಕಲಕಿದರೂ ಗೋಡೆಯ ಪಕ್ಕದ್ದು ಹೆಚ್ಚು ಕದಲುವುದಿಲ್ಲ. ಶಾಖ ಅದನ್ನು ದಾಟಿಯೇ ಹೋಗಬೇಕು. ವೇಗ ಜಾಸ್ತಿಯಾದರೆ ಆ ಪದರ ತೆಳುವಾಗುತ್ತದೆ, ಆದರೆ ಇಲ್ಲವಾಗುವುದಿಲ್ಲ. 28 ಮಿ.ಮೀ. ಪೈಪಿನಲ್ಲಿ ಸೆಕೆಂಡಿಗೆ 10 ಮೀಟರ್ ಓಡುವ ಗಾಳಿಗೆ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಚದರ ಮೀಟರಿಗೆ ಸುಮಾರು 45 ವ್ಯಾಟ್ ದಾಟುತ್ತದೆ. ಅದೇ ಪೈಪಿನಲ್ಲಿ ಬಿಸಿನೀರು ಸೆಕೆಂಡಿಗೆ ಬರೀ 1 ಮೀಟರ್ ಹರಿದರೂ 5000 ವ್ಯಾಟ್ ಆಸುಪಾಸು. ಈ ಅಂತರ ಕಂಡು ನಾನು ದಂಗಾಗಿದ್ದೆ. ಬಾಯ್ಲರ್ ಟ್ಯೂಬು ಅಷ್ಟು ಉರಿಯ ನಡುವೆ ಕರಗದೆ ನಿಲ್ಲುವುದು ಒಳಗಿನ ನೀರಿನಿಂದ ಎಂಬುದು ನನಗೆ ಅವತ್ತೇ ಅರ್ಥವಾದದ್ದು. ಒಳಗೆ ಉಪ್ಪು ಕಟ್ಟಿದರೆ ಟ್ಯೂಬು ಯಾಕೆ ಒಡೆಯುತ್ತದೆ ಎಂಬುದೂ ಅಷ್ಟೇ.

ನಿಧಾನದ ಹರಿವಿನ ಕಥೆ ಬೇರೆ. ಮೇಲಿನ ಸಂಖ್ಯೆಗೆ ಯಾರ ಹೆಸರಿದೆಯೋ ಆ ರೆನಾಲ್ಡ್ಸ್ 1883ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗಾಜಿನ ಕೊಳವೆಯೊಳಗೆ ಬಣ್ಣ ಬಿಟ್ಟು ತೋರಿಸಿದ ಹಾಗೆ, ಅಲ್ಲಿ ಬಣ್ಣದ ಎಳೆ ನೇರವಾಗಿ ಸಾಗುತ್ತದೆ, ಕಲಕುವುದಿಲ್ಲ. ಉದ್ದ ಪೈಪಿನಲ್ಲಿ ಒಂದೇ ಸಮನೆ ಶಾಖ ಕೊಟ್ಟರೆ ನಸೆಲ್ಟ್ ಸಂಖ್ಯೆ (ಗೋಡೆಯಿಂದ ಶಾಖ ಎಷ್ಟು ಚೆನ್ನಾಗಿ ದಾಟುತ್ತದೆ ಅಂತ ಹೇಳುವ ಸಂಖ್ಯೆ) 4.36ಕ್ಕೆ ಬಂದು ನಿಲ್ಲುತ್ತದೆ. ಹರಿವು ಕಲಕದೆ ಇರುವವರೆಗೆ ವೇಗ ಸ್ವಲ್ಪ ಏರಿಸಿದರೂ ಅದು ಬದಲಾಗುವುದಿಲ್ಲ.

ದಪ್ಪ ಎಣ್ಣೆ ಹರಿಯುವ ಕೂಲರ್‌ಗಳಲ್ಲಿ ನನಗೆ ಎದುರಾಗುವುದು ಇದೇ ತೊಂದರೆ. ಅದಕ್ಕೆ ಟ್ಯೂಬಿನೊಳಗೆ ತಿರುಚಿದ ಲೋಹದ ಪಟ್ಟಿ ಇಡುತ್ತೇವೆ. ಎಣ್ಣೆ ಸುತ್ತುತ್ತಾ ಹೋಗುತ್ತದೆ, ಗೋಡೆಯ ಪಕ್ಕದ ಎಣ್ಣೆ ಅಲ್ಲೇ ಕೂರುವುದಿಲ್ಲ. ಪ್ರಾಜೆಕ್ಟ್ ಹುಡುಕುತ್ತಿರುವ ಫೈನಲ್ ಇಯರ್‌ನವರೇ, ನಮ್ಮ ಕಾಲೇಜಿನ ಲ್ಯಾಬಿನ ಪೈಪಿನಲ್ಲೂ ಅಂಥದ್ದೊಂದು ಪಟ್ಟಿ ಹಾಕಿ ಅಳೆದು ನೋಡಿ. ಶಾಖ ಎಷ್ಟು ಜಾಸ್ತಿ ದಾಟಿತು ಅಂತ ಮಾತ್ರ ಬರೆದು ಬಿಡಬೇಡಿ. ಪೈಪಿನ ಎರಡೂ ತುದಿಗೆ ಮ್ಯಾನೋಮೀಟರ್ ಜೋಡಿಸಿ, ಒತ್ತಡ ಎಷ್ಟು ಬಿತ್ತು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ.