ಮಂಡಕ್ಕಿ ಭಟ್ಟಿಯಲ್ಲಿ ಓದಿದ ಪ್ರಬಂಧ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಕುಟುಂಬಗಳ ಬಗ್ಗೆ ಕೆಲವು ವರ್ಷಗಳ ಹಿಂದೆ ಸಮಾಜಶಾಸ್ತ್ರದ ಅಧ್ಯಾಪಕನಾಗಿ ನಾನೊಂದು ಸಂಶೋಧನಾ ಪ್ರಬಂಧ ಬರೆದಿದ್ದೆ. ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು, ಬಡ್ತಿಯ ಕಡತದಲ್ಲಿ ಸಲ್ಲಬೇಕಾದ ಅಂಕಗಳೂ ಸಂದವು; ಆದರೆ ಪ್ರಶ್ನಾವಳಿ ಹಿಡಿದು ಹೋದಾಗ ಉರಿಯುವ ಒಲೆಯ ಮುಂದೆ ಕೈಕೆಲಸ ನಿಲ್ಲಿಸಿ ಉತ್ತರ ಕೊಟ್ಟವರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ, ಓದುವಂತೆಯೂ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಅದರ ಸಾರವನ್ನು ನಾಲ್ಕು ಪುಟಗಳಷ್ಟು ಕನ್ನಡದಲ್ಲಿ ಬರೆದುಕೊಂಡು ಮತ್ತೆ ಅಲ್ಲಿಗೆ ಹೋದೆ.

ಕಾದ ಮರಳಿಗೆ ಬಿದ್ದ ಅಕ್ಕಿ ಚಟಪಟನೆ ಅರಳುವ ಸದ್ದಿನಲ್ಲಿ ಓದುವುದು ಸುಲಭವಾಗಿರಲಿಲ್ಲ. ದಿನಕ್ಕೆ ಸರಾಸರಿ ಎಷ್ಟು ಗಂಟೆಯ ದುಡಿಮೆ ಎಂಬ ಭಾಗಕ್ಕೆ ಬಂದಾಗ, ಜರಡಿ ಹಿಡಿದಿದ್ದ ಹಿರಿಯ ಹೆಂಗಸೊಬ್ಬರು ತಡೆದರು: “ಗಂಟೆ ಲೆಕ್ಕ ಯಾರಿಗ್ ಬೇಕ್ರಿ ಸಾರ್, ನಮ್ದು ಚೀಲದ ಲೆಕ್ಕ. ಅದೂ ಹುರಿಯೋರ್ದಷ್ಟೇ ಬರ್ಕೊಂಡೀರಿ. ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಹಾಕಿ ತಿರುವೋದು ಯಾವ ಪುಟದಾಗೈತಿ?” ಯಾವ ಪುಟದಲ್ಲೂ ಇರಲಿಲ್ಲ. ಮನೆಯ ಯಜಮಾನನನ್ನು ಮಾತ್ರ ಕೇಳಿದ ನನ್ನ ಪ್ರಶ್ನಾವಳಿಯಲ್ಲಿ ಆ ಕೆಲಸಕ್ಕೆ ಕಾಲಮ್ಮೇ ಇರಲಿಲ್ಲ. ಪ್ರಬಂಧವನ್ನು ಪರಿಶೀಲಿಸಿದ ಇಬ್ಬರು ವಿದ್ವಾಂಸರ ಕಣ್ಣಿಗೂ ಅದು ಬಿದ್ದಿರಲಿಲ್ಲ.

2004ರಲ್ಲಿ ಅಮೆರಿಕದ ಸಮಾಜಶಾಸ್ತ್ರ ಸಂಘದ ಅಧ್ಯಕ್ಷ ಭಾಷಣದಲ್ಲಿ ಮೈಕೆಲ್ ಬುರವಾಯ್ ಅವರು ‘ಸಾರ್ವಜನಿಕ ಸಮಾಜಶಾಸ್ತ್ರ’ದ ಪರವಾಗಿ ವಾದಿಸುತ್ತ, ವಿದ್ವಾಂಸರೂ ಜನರೂ ಪರಸ್ಪರ ಕಲಿಯುವ ಸಂವಾದದ ಬಗ್ಗೆ ಹೇಳಿದ್ದರು. ತರಗತಿಯಲ್ಲಿ ಅದನ್ನು ಎಷ್ಟೋ ಸಲ ಪಾಠ ಮಾಡಿದವನು ನಾನು.

ನಾವು ಹೋಗದಿದ್ದರೂ ನಮ್ಮ ಪದಗಳು ಊರಿಗೆ ಬಂದೇ ಬರುತ್ತವೆ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿದ್ದು ನಡೆಸಿದ ಅಧ್ಯಯನವನ್ನು ಆಧರಿಸಿ 1955ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಳಸಿದ ‘ವೋಟ್ ಬ್ಯಾಂಕ್’ ಎಂಬ ಪದ ಇಂದು ನಮ್ಮ ಬೆಣ್ಣೆದೋಸೆ ಹೋಟೆಲುಗಳ ಮೇಜಿನ ಮೇಲೂ ಉರುಳುತ್ತದೆ. ಆಶ್ರಯದಾತನಾದ ಯಜಮಾನನ ಹಿಡಿತದಲ್ಲಿರುವ ಮತಗಳು ಎಂಬ ಅರ್ಥ ಮಾತ್ರ ದಾರಿಯಲ್ಲೇ ಕಳಚಿಬಿದ್ದು, ಒಂದು ಇಡೀ ಸಮುದಾಯವನ್ನು ಹಂಗಿಸುವ ಮಾತಾಗಿ ಅದು ಉಳಿದಿದೆ. ಇದನ್ನು ತಿದ್ದುವವರು ಆ ಮೇಜಿನಲ್ಲಿ ಇಲ್ಲವೆಂಬುದು ನನ್ನ ತಕರಾರು.

ಹೊಸ ಪ್ರಶ್ನಾವಳಿಗೆ ನೆನೆಸುವ, ಒಣಗಿಸುವ ಕೆಲಸಗಳ ಕಾಲಮ್‌ಗಳನ್ನು ಆ ಹೆಂಗಸರೇ ಹೇಳಿ ಬರೆಸಿದರು. ಕೂಲಿಯ ಪುಟಕ್ಕೆ ಬರುವ ಹೊತ್ತಿಗೆ ಭಟ್ಟಿಯ ಮಾಲೀಕರು ಬಂದು ಪಕ್ಕದಲ್ಲಿ ನಿಂತದ್ದರಿಂದ ಅದನ್ನು ಓದದೆ ಮಡಚಿಟ್ಟೆ. ಮುಂದಿನ ಭಾನುವಾರ ಆ ಹೆಂಗಸರ ಓಣಿಯ ಕಟ್ಟೆಯ ಮೇಲೆ ಆ ಒಂದು ಪುಟವನ್ನು ಓದುವುದಿದೆ.