ಗಂಡನನ್ನು ಯಾಕೆ ಡ್ರ್ಯಾಗನ್ ಮಾಡಿ ಬಿಡಿಸ್ತೀಯಾ?

ನನ್ನ ಚಿತ್ರಗಳನ್ನು ನೋಡಿದವರೆಲ್ಲ ಕೇಳುವುದು ಇದನ್ನೇ. ಕಟ್ಟಿಕೊಂಡ ಗಂಡನನ್ನು ಡ್ರ್ಯಾಗನ್ ಮಾಡಿದ್ದೀಯಲ್ಲ, ಮನೇಲಿ ಎಲ್ಲ ಸರಿ ಇದೆ ತಾನೇ? ಸರಿಯಾಗೇ ಇದೆ.

ಬೆಂಕಿ ಉಗುಳಿ ಊರು ಸುಟ್ಟು, ಕೊನೆಗೆ ಯಾರದೋ ಕತ್ತಿಗೆ ಸಿಕ್ಕಿ ಸಾಯುವ ಡ್ರ್ಯಾಗನ್ ಯುರೋಪಿನದು. ನಾನು ಬಿಡಿಸುವುದು ಚೀನಾದ್ದು. ಅದು ಮಳೆ ತರುವ ಪ್ರಾಣಿ. ಇವನು ಹುಟ್ಟಿದ್ದೂ 1988ರ ಜೂನ್‌ನಲ್ಲಿ, ಅವರ ಪಂಚಾಂಗದ ಡ್ರ್ಯಾಗನ್ ವರ್ಷದಲ್ಲಿ. ಆ ವರ್ಷವೇ ಮಗು ಆಗಲಿ ಅಂತ ಕಾಯುವ ಮಂದಿ ಅಲ್ಲಿದ್ದಾರೆ.

ಆದರೆ ನಿಜವಾದ ಕಾರಣ ಬೇರೆ. ಚೀನಾದ ಡ್ರ್ಯಾಗನ್ ಒಂದು ಕಲಬೆರಕೆ. ಜಿಂಕೆಯ ಕೊಂಬು, ಒಂಟೆಯ ತಲೆ, ದೆವ್ವದ ಕಣ್ಣು, ಹಾವಿನ ಕತ್ತು, ಕಪ್ಪೆಚಿಪ್ಪಿನ ಹೊಟ್ಟೆ, ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಪಾದ, ಹಸುವಿನ ಕಿವಿ. ನಮ್ಮ ಹೊಯ್ಸಳ ಗುಡಿಗಳ ಮಕರವೂ ಹೀಗೇ ಅಲ್ವಾ, ಅಲ್ಲಿಂದಿಷ್ಟು ಇಲ್ಲಿಂದಿಷ್ಟು ತಂದು ಜೋಡಿಸಿದ್ದು. ಇಷ್ಟೆಲ್ಲ ಸೇರಿರುವಾಗ ಇವನನ್ನೂ ಒಂದಿಷ್ಟು ಸೇರಿಸಬಹುದು.

ಮನುಷ್ಯನ ಮುಖ ಬರೆದರೆ ನೋಡುವವರು ಸೀದಾ ಮೂಗಿಗೆ ಬರುತ್ತಾರೆ. ಹೋಲ್ತಾ ಇಲ್ಲ ಅಂತ ಮುಗಿಸಿಬಿಡುತ್ತಾರೆ. ಡ್ರ್ಯಾಗನ್‌ನ ಮೂಗನ್ನು ಯಾರೂ ಕೇಳಲ್ಲ. ಹಾಗಾಗಿ ಹೋಲಿಕೆ ಬೇರೆ ಕಡೆಯಿಂದ ಬರಬೇಕು. ಫೋನಿನಲ್ಲಿ ಮಾತಾಡುವಾಗ ಇವನ ಎಡ ಭುಜ ಕಿವಿವರೆಗೂ ಏರುತ್ತದೆ, ಬಲಗೈ ಸುಮ್ನೆ ಮೇಜಿನ ಅಂಚು ಉಜ್ಜುತ್ತಿರುತ್ತದೆ. ಬಿಸಿ ಕಾಫಿ ಊದುವಾಗ ಹುಬ್ಬು ಗಂಟಿಕ್ಕುತ್ತದೆ, ಅದೇನೋ ದೊಡ್ಡ ಲೆಕ್ಕ ಬಿಡಿಸುವವನ ಹಾಗೆ. ಇವನ್ನೆಲ್ಲ ನೋಡಿಟ್ಟುಕೊಂಡಿದ್ದು ಡ್ರ್ಯಾಗನ್ ಬಿಡಿಸಲು ಕೂತ ಮೇಲೇ. ಮೈತುಂಬ ಹುರುಪೆ, ತಲೆ ಮೇಲೆ ಕೊಂಬು ಇದ್ದರೂ ನಮ್ಮತ್ತೆ ದೂರದಿಂದ ನೋಡಿಯೇ, “ಕೂತಿರೋ ಭಂಗಿ ನೋಡು, ಥೇಟ್ ನಮ್ಮ ಹುಡುಗನೇ” ಅಂದರು.

ಹುರುಪೆ ಬಿಡಿಸೋದು ಮಾತ್ರ ಮಹಾ ಬೇಜಾರು. ಹಳೆಯ ಲೆಕ್ಕದ ಪ್ರಕಾರ 117 ಇರಬೇಕಂತೆ. ನಾನು ಎಣಿಸಲು ಹೋಗಲ್ಲ.

ನಮ್ಮವರದ್ದೂ ಒಂದು ಬರೆದುಕೊಡಿ ಅಂತ ಫೋಟೋ ಕಳಿಸುವವರಿಗೆ ಆಗಲ್ಲ ಅಂತಲೇ ಹೇಳುತ್ತೇನೆ. ಅವರು ಕಾಫಿ ಹೇಗೆ ಊದುತ್ತಾರೆ ಅಂತ ನನಗೇನು ಗೊತ್ತು? ನೀವೇ ಬರೆಯಿರಿ.

ಅವನಿಗೆ ಬೇಜಾರಿಲ್ವಾ ಅಂದರೆ, ಇದೆ. ಹೊಟ್ಟೆ ಸ್ವಲ್ಪ ಕಮ್ಮಿ ಮಾಡು ಅನ್ನುವುದು ಮೊದಲನೇ ತಕರಾರು. ಉಗುರು ನಾಲ್ಕೇ ಯಾಕೆ ಅನ್ನುವುದು ಎರಡನೆಯದು. ಮಿಂಗ್, ಚಿಂಗ್ ಅರಸರ ಕಾಲದಲ್ಲಿ ಐದುಗುರಿನ ಡ್ರ್ಯಾಗನ್ ಚಕ್ರವರ್ತಿಗೆ ಮೀಸಲು. ರಾತ್ರಿ ಸಿಂಕ್‌ನಲ್ಲಿರುವ ಪಾತ್ರೆ ಖಾಲಿ ಮಾಡು, ಐದನೆಯದರ ಬಗ್ಗೆ ಯೋಚಿಸೋಣ ಅಂದಿದ್ದೇನೆ.